ಸತ್ಯಭಾಮಾ ಮತ್ತು ಎರಡು ಗಿಡ್ಡ ಗೆರೆಗಳು

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಸತ್ಯಭಾಮಾ ಅಲ್ಲಿ ಹದಿನೆಂಟು ವರ್ಷ ಪಾಠ ಹೇಳಿದರು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವವರಿಗೆಲ್ಲ ಮೊದಲ ದಿನವೇ ಅವರು ಒಂದು ಮಾತು ಹೇಳುತ್ತಿದ್ದರು: "ನಿಮ್ಮ ಬುದ್ಧೀನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ. ಕಾಗದದಲ್ಲಿ ಏನಿದ್ಯೋ ಅದನ್ನ ಹೊಡೀರಿ. ಅಲ್ಲಿ ತಪ್ಪಿದ್ರೆ ತಪ್ಪನ್ನೇ ಹೊಡೀರಿ."

ಎರಡು ಸಾವಿರದ ಎರಡರಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚಿತು. ಟೈಪ್‌ರೈಟರುಗಳು ಗುಜರಿಗೆ ಹೋದವು. ಸತ್ಯಭಾಮಾ ಕಣ್ಣೀರು ಹಾಕುತ್ತ ಕೂರಲಿಲ್ಲ. ಅಷ್ಟರೊಳಗೆ ಕಂಪ್ಯೂಟರ್ ಕಲಿತು ಬನಶಂಕರಿಯ ಪ್ರೆಸ್ಸೊಂದರಲ್ಲಿ ಅಕ್ಷರ ಜೋಡಿಸುವ ಕೆಲಸ ಹಿಡಿದಿದ್ದರು. ಐದು ವರ್ಷದ ಮೇಲೆ, ತಮ್ಮ ನಲವತ್ತೆಂಟನೇ ವಯಸ್ಸಿನಲ್ಲಿ, ಜೆ.ಪಿ. ನಗರ ಎರಡನೇ ಹಂತದಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಜಾಹೀರಾತು ನೋಡಿ ಅರ್ಜಿ ಹಾಕಿದರು. ಗಿರಾಕಿಗಳಿಗೆ ಕೊಡುವ ಸೂಚನೆಯ ಪುಟಗಳನ್ನು ಒಪ್ಪವಾಗಿ ಬರೆಯುವವರು ಬೇಕಾಗಿದ್ದರು.

ಕಂಪನಿಯ ಯಜಮಾನ ಸೇತುರಾಮ ಬಸವನಗುಡಿಯವರು, ಮೆಲುಮಾತಿನ ಮನುಷ್ಯ. "ನಿಮಗೆ ಸಾಫ್ಟ್‌ವೇರ್ ಗೊತ್ತಾ?" ಎಂದು ಕೇಳಿದರು.

"ಇಲ್ಲ ಸಾರ್. ಆದರೆ ಅರ್ಥ ಆಗ್ದಿದ್ರೆ ಅರ್ಥ ಆಗ್ಲಿಲ್ಲ ಅಂತ ಹೇಳೋಕೆ ನಂಗೆ ನಾಚಿಕೆ ಇಲ್ಲ."

ಸೇತುರಾಮ ನಕ್ಕು, ಮರುದಿನದಿಂದಲೇ ಬರಲು ಹೇಳಿದರು.

ಆ ಕಂಪನಿಯ ಕಸುಬು ಹೀಗಿತ್ತು. ಬೇರೆ ಊರುಗಳ ಸಣ್ಣಪುಟ್ಟ ಕಂಪನಿಗಳು ತಾವು ಬರೆದ ಪ್ರೋಗ್ರಾಮುಗಳನ್ನು ಇಲ್ಲಿಗೆ ಕಳಿಸುತ್ತಿದ್ದವು. ಇಲ್ಲಿನ ಯಂತ್ರಗಳು ಅದರ ತುಂಡುಗಳನ್ನೆಲ್ಲ ಜೋಡಿಸಿ, ಓಡುವ ಸ್ಥಿತಿಗೆ ತಂದು, ತಪ್ಪಿದ್ದರೆ ಎಲ್ಲಿ ತಪ್ಪಿದೆಯೆಂದು ತೋರಿಸಿ ಹಿಂದಿರುಗಿಸುತ್ತಿದ್ದವು. ಹೀಗೆ ಜೋಡಿಸುವುದಕ್ಕೆ ಅವರು ಬಿಲ್ಡ್ ಎನ್ನುತ್ತಿದ್ದರು. ಅಲ್ಲಿಯವರೆಗೆ ಗಿರಾಕಿಗಳು ವೆಬ್‌ಸೈಟ್ ತೆರೆದು, ಗುಂಡಿಗಳನ್ನು ಒತ್ತಿ ಈ ಕೆಲಸ ಮಾಡಿಕೊಳ್ಳುತ್ತಿದ್ದರು. ದಿನಕ್ಕೆ ಹತ್ತು ಸಲ ಹಾಗೆ ಒತ್ತಿ ಒತ್ತಿ ಬೇಸತ್ತವರಿಗಾಗಿ ಸಿದ್ದಾರೂಢ ಒಂದು ಚಿಕ್ಕ ಪ್ರೋಗ್ರಾಂ ಬರೆದ. ಅದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಕಪ್ಪು ತೆರೆಯ ಮೇಲೆ ಒಂದು ಸಾಲು ಹೊಡೆದರೆ ಸಾಕು, ಬಿಲ್ಡ್ ಶುರುವಾಗುತ್ತಿತ್ತು. ಅದಕ್ಕೆ ಅವನು 'ಕಟ್ಟು' ಎಂದೇ ಹೆಸರಿಟ್ಟಿದ್ದ.

ಸಿದ್ದಾರೂಢ ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ. ಕೆಲಸದಲ್ಲಿ ಗಟ್ಟಿಗ, ಬರೆಯುವುದರಲ್ಲಿ ಮಾತ್ರ ಜಿಪುಣ. 'ಕಟ್ಟು' ಹಾಕಿಕೊಳ್ಳುವುದು ಹೇಗೆಂದು ಐದು ಸಾಲು ಗೀಚಿ ಸತ್ಯಭಾಮಾ ಅವರ ಮೇಜಿನ ಮೇಲಿಟ್ಟ.

"ಇಷ್ಟ ಐತ್ರಿ ಮೇಡಂ. ಚಂದಂಗೆ ಟೈಪ್ ಮಾಡಿ ಕಳಸ್ರಿ."

ಸತ್ಯಭಾಮಾ ಟೈಪ್ ಮಾಡಲು ಕೂರಲಿಲ್ಲ. ಸೇತುರಾಮರ ಬಳಿ ಹೋಗಿ, ಏನೂ ಹಾಕಿರದ ಖಾಲಿ ಕಂಪ್ಯೂಟರೊಂದನ್ನು ಕೇಳಿ ಪಡೆದರು. ಅದರ ಮುಂದೆ ಕೂತು, ಚೀಟಿಯಲ್ಲಿದ್ದದ್ದನ್ನು ಇದ್ದಂತೆಯೇ ಹೊಡೆಯುತ್ತ ಹೋದರು. ಮೂರನೇ ಸಾಲಿಗೆ ಕಂಪ್ಯೂಟರ್ ನಿಂತಿತು. ಅಂಥ ಕಮಾಂಡ್ ತನಗೆ ಗೊತ್ತೇ ಇಲ್ಲ ಎಂದಿತು.

"ಸಿದ್ದಾರೂಢ, ಇದು ಬರ್ತಾ ಇಲ್ಲ."

ಅವನು ಎದ್ದು ಬಂದು ನೋಡಿದ. "ಅಯ್ಯ, 'ಕಟ್ಟು' ಎಲ್ಲಿ ಐತಿ ಅಂತ ಮಷಿನ್‌ಗೆ ಮೊದಲ ತೋರಿಸ್ಬೇಕಲ್ರೀ. ಅದು ಎಲ್ಲಾರ್ಗೂ ಗೊತ್ತಿರ್ತೈತಿ."

"ಬರೆದಿಲ್ವಲ್ಲ?"

"ಗೊತ್ತಿದ್ದದ್ದು ಯಾಕ್ ಬರೀಬೇಕ್ರೀ?"

"ನಂಗೆ ಗೊತ್ತಿರ್ಲಿಲ್ಲ. ನಾನೂ ಎಲ್ಲಾರಲ್ಲಿ ಒಬ್ಳು ತಾನೆ?"

ಅವನು ಪೆನ್ನು ತೆಗೆದು ಒಂದು ಸಾಲು ಸೇರಿಸಿದ. ಅರ್ಧ ಗಂಟೆಯ ಮೇಲೆ ಇನ್ನೊಂದು. ಮಧ್ಯಾಹ್ನದ ಊಟದ ಹೊತ್ತಿಗೆ ಸತ್ಯಭಾಮಾ ಕಂಪ್ಯೂಟರನ್ನು ಮತ್ತೆ ಖಾಲಿ ಮಾಡಿಸಿ ಮೊದಲಿನಿಂದ ಹೊಡೆದರು. ಮೂರು ದಿನ ಹೀಗೆ ನಡೆಯಿತು. ಸಿದ್ದಾರೂಢ ಮೊದಲು ಮುಖ ಗಂಟು ಹಾಕಿಕೊಂಡ; ಆಮೇಲೆ ಸತ್ಯಭಾಮಾ ಕರೆಯುವ ಮೊದಲೇ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದ. ಐದು ಸಾಲು ಹನ್ನೊಂದಾಯಿತು. 'ಸುಲಭವಾಗಿ', 'ಸುಮ್ಮನೆ' ಎಂಬ ಮಾತುಗಳನ್ನೆಲ್ಲ ಸತ್ಯಭಾಮಾ ಹೊಡೆದುಹಾಕಿದರು. ಸುಲಭವೋ ಕಷ್ಟವೋ ಮಾಡಿದವರು ಹೇಳಲಿ ಎಂಬುದು ಅವರ ವಾದ. ಕೊನೆಗೆ ವರ್ಡಿನಲ್ಲಿ ಪುಟವನ್ನು ಅಂದವಾಗಿ ಜೋಡಿಸಿ, ಮುದ್ರಿಸಿ, ಮುದ್ರಿಸಿದ ಹಾಳೆ ನೋಡಿಕೊಂಡೇ ಖಾಲಿ ಕಂಪ್ಯೂಟರಿನಲ್ಲಿ ಕಡೆಯ ಸಲ ಹೊಡೆದರು. ಹನ್ನೊಂದೂ ಹೆಜ್ಜೆ ಸರಾಗವಾಗಿ ದಾಟಿ, ಬಿಲ್ಡ್ ಮುಗಿಯಿತೆಂಬ ಸಾಲು ತೆರೆಯ ಮೇಲೆ ಮೂಡಿತು.

"ಇನ್ನು ಇ-ಮೇಲಲ್ಲಿ ಕಳಿಸಿ ಸಾರ್. ಇದ್ರಲ್ಲಿ ತಪ್ಪು ಹುಡುಕೋರು ಇನ್ನೂ ಹುಟ್ಬೇಕು" ಎಂದು ಸೇತುರಾಮರಿಗೆ ಹೇಳಿ, ಆ ಸಂಜೆ ಹಗುರ ಮನಸ್ಸಿನಿಂದ ಜಯನಗರ ಏಳನೇ ಬ್ಲಾಕಿನ ಮನೆಗೆ ನಡೆದೇ ಹೋದರು.

ಮರುದಿನ ಹತ್ತೂವರೆಗೆ ಮೈಸೂರಿನಿಂದ ಮೊದಲ ಫೋನ್ ಬಂತು. ಹನ್ನೆರಡರೊಳಗೆ ಇನ್ನೂ ಮೂರು. ಎಲ್ಲರದೂ ಒಂದೇ ದೂರು: ಒಂಬತ್ತನೇ ಹೆಜ್ಜೆಯವರೆಗೆ ಸರಿ, ಅಲ್ಲಿ ಬಿಲ್ಡ್ ಶುರು ಮಾಡುವ ಸಾಲು ಕೊಟ್ಟರೆ 'ಕಟ್ಟು' ಅದನ್ನು ಒಪ್ಪುತ್ತಿಲ್ಲ.

ಸಿದ್ದಾರೂಢ ತನ್ನ ಕಂಪ್ಯೂಟರಿನಲ್ಲಿ ಹೊಡೆದು ನೋಡಿದ. "ನನ್ನ ಮಷಿನ್‌ನ್ಯಾಗ ಚೊಲೋ ನಡದೈತ್ರೀ ಸರ್."

ಸತ್ಯಭಾಮಾ ಖಾಲಿ ಕಂಪ್ಯೂಟರಿನಲ್ಲಿ, ಹಾಳೆ ನೋಡಿಕೊಂಡು ಹೊಡೆದರು. ಅಲ್ಲೂ ನಡೆಯಿತು.

ಸೇತುರಾಮರ ದನಿ ಇನ್ನಷ್ಟು ಮೆತ್ತಗಾಯಿತು. ಅವರಿಗೆ ಗಾಬರಿಯಾದಾಗ ಹಾಗಾಗುತ್ತಿತ್ತು. "ನಾಲ್ಕು ಜನಕ್ಕೂ ಒಂದೇ ಕಡೆ ನಿಂತಿದೆ ಅಂದ್ರೆ, ಪುಟದಲ್ಲೇ ಏನೋ ಇರ್ಬೇಕಲ್ವಾ ಸತ್ಯಭಾಮಾ ಅವರೇ?"

"ನನ್ನ ಪುಟದಲ್ಲಿ ತಪ್ಪಿಲ್ಲ ಸಾರ್" ಎಂದರು ಸತ್ಯಭಾಮಾ. ಹೇಳುವಾಗ ಗಟ್ಟಿಯಾಗಿಯೇ ಹೇಳಿದರು. ಹೇಳಿದ ಮೇಲೆ ಅನುಮಾನ ಬಂತು. ನಾಲ್ಕು ಊರಿನ ನಾಲ್ಕು ಜನ ಒಟ್ಟಿಗೆ ದಡ್ಡರಾಗಿರಲು ಸಾಧ್ಯವಿಲ್ಲ. ಅವರು ತಾವೇ ಮೈಸೂರಿಗೆ ಫೋನ್ ಹಚ್ಚಿದರು. ಅತ್ತ ಎತ್ತಿಕೊಂಡವಳು ಪ್ರಕೃತಿ ಎಂಬ ಪ್ರೋಗ್ರಾಮರ್.

"ನೋಡಮ್ಮ, ನಿಮ್ಮ ಸ್ಕ್ರೀನ್ ಮೇಲೆ ಏನಿದ್ಯೋ ಒಂದೊಂದೇ ಹೇಳಿ. ಜಾಗ ಬಿಟ್ಟಿದ್ರೆ ಅದನ್ನೂ ಹೇಳಿ. ಅವಸರ ಬೇಡ."

"ಕಟ್ಟು... ಸ್ಪೇಸ್... ಬಿಲ್ಡ್... ಸ್ಪೇಸ್... ಹೈಫನ್... ಪ್ರಾಜೆಕ್ಟ್..."

"ನಿಲ್ಲಿ. ಎಷ್ಟು ಹೈಫನ್?"

"ಒಂದೇ ಮೇಡಂ. ಸ್ವಲ್ಪ ಉದ್ದ ಇದೆ."

ಅಲ್ಲಿ ಎರಡು ಗಿಡ್ಡ ಗೆರೆ ಇರಬೇಕಿತ್ತು.

"ಇದನ್ನ ನೀವು ಹೊಡೆದ್ರಾ, ನಮ್ಮ ಪುಟದಿಂದ ಎತ್ತಿ ಹಾಕಿದ್ರಾ?"

"ಕಾಪಿ ಪೇಸ್ಟ್ ಮೇಡಂ. ಇಷ್ಟುದ್ದ ಯಾರು ಹೊಡೀತಾರೆ?"

ಫೋನ್ ಇಟ್ಟು, ಮುದ್ರಿಸಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂಬತ್ತನೇ ಹೆಜ್ಜೆಯಲ್ಲಿ ಇದ್ದದ್ದು ಒಂದೇ ಉದ್ದ ಗೆರೆ. ಅವರು ಹೊಡೆದಿದ್ದ ಎರಡು ಗಿಡ್ಡ ಗೆರೆಗಳನ್ನು ವರ್ಡು ತಾನಾಗಿ ಕೂಡಿಸಿ, ನೋಡಲು ಚೆಂದವೆಂದು ಒಂದು ಮಾಡಿಟ್ಟಿತ್ತು. ಹಾಗಾದರೆ ಹಾಳೆ ನೋಡಿ ಹೊಡೆದಾಗ ತಮಗೆ ಹೇಗೆ ನಡೆಯಿತು? ಅದೂ ಹೊಳೆಯಿತು. ಟೈಪ್‌ರೈಟರಿನಲ್ಲಿ ಉದ್ದ ಗೆರೆಗೆ ಬೇರೆ ಕೀಲಿ ಇರಲಿಲ್ಲ. ಕಾಗದದಲ್ಲಿ ಉದ್ದ ಗೆರೆ ಕಂಡರೆ ಎರಡು ಗಿಡ್ಡ ಗೆರೆ ಹೊಡೆಯಬೇಕೆಂದು ಅವರೇ ಹದಿನೆಂಟು ವರ್ಷ ಕಲಿಸಿದ್ದರು. ಕಣ್ಣು ಉದ್ದ ಗೆರೆ ನೋಡಿತ್ತು. ಬೆರಳು, ಕೇಳದೆ, ಎರಡನ್ನು ಹೊಡೆದಿತ್ತು. ಇದ್ದದ್ದನ್ನು ಇದ್ದಂತೆ ಹೊಡೆಯುತ್ತೇನೆಂದು ಜಂಬ ಪಟ್ಟವರು ಆ ಒಂದು ಕಡೆ ಹಾಗೆ ಹೊಡೆದಿರಲಿಲ್ಲ.

ಅವರು ನೇರ ಸೇತುರಾಮರ ಕೋಣೆಗೆ ಹೋದರು.

"ಸಾರ್, ಪುಟದಲ್ಲಿ ತಪ್ಪಿಲ್ಲ ಅಂದ್ನಲ್ಲ, ಇದೆ. ಎರಡು ಗಿಡ್ಡ ಗೆರೆ ಕೂಡಿ ಒಂದಾಗಿ ಹೋಗಿದೆ. ತಪ್ಪು ನಂದೇ."

ಹಿಂದೆಯೇ ಬಂದ ಸಿದ್ದಾರೂಢ ಅಡ್ಡ ಬಂದ. "ನಿಮ್ಮದ್ಯಾಕ್ರೀ ಮೇಡಂ? ವರ್ಡ್ ಮಾಡಿದ್ದು ಅದು."

"ಯಂತ್ರ ತಿದ್ದಿದ್ದು ನಿಜ. ತಿದ್ದಿದ್ದನ್ನ ನೋಡ್ದೆ ಕಳಿಸಿದ್ದು ನಾನು. ಯಂತ್ರದ ಕೈಲಿ ಕ್ಷಮೆ ಕೇಳ್ಸೋಕಾಗತ್ತಾ?"

ವರ್ಡಿಗೆ ಆ ಚಾಳಿ ಬಿಡಿಸುವುದು ಎಲ್ಲಿಂದ ಎಂದು ಸಿದ್ದಾರೂಢ ತೋರಿಸಿದ. ಅವರು ಪುಟ ಸರಿಪಡಿಸಿ, ಈ ಬಾರಿ ಎರಡು ಸಲ ಪರೀಕ್ಷೆ ಮಾಡಿದರು: ಒಮ್ಮೆ ಕೈಯಾರೆ ಹೊಡೆದು, ಒಮ್ಮೆ ಪುಟದಿಂದ ಎತ್ತಿ ಹಾಕಿ. ಆಮೇಲೆ ಎಲ್ಲ ಗಿರಾಕಿಗಳಿಗೂ ತಮ್ಮ ಹೆಸರಿನಲ್ಲೇ ಇ-ಮೇಲ್ ಬರೆದರು. ಒಂಬತ್ತನೇ ಹೆಜ್ಜೆಯಲ್ಲಿ ತಪ್ಪಿತ್ತು, ಅದು ನನ್ನ ಕಡೆಯದು, ಸರಿಪಡಿಸಿದ ಪುಟ ಜೊತೆಗಿದೆ ಎಂದು ಮೂರೇ ಸಾಲು. ಮೂರು ಗಂಟೆಗೆ ಪ್ರಕೃತಿಯ ಫೋನ್ ಬಂತು.

"ಓಡ್ತಾ ಇದೆ ಮೇಡಂ! ಸಖತ್ತಾಗಿದೆ."

ಆ ವಾರವೇ ಸಿದ್ದಾರೂಢ 'ಕಟ್ಟಿ'ನೊಳಗೆ ಒಂದು ಹೊಸ ಪಹರೆ ಕೂರಿಸಿದ. ಯಾರಾದರೂ ಉದ್ದ ಗೆರೆ ಕೊಟ್ಟರೆ ಅದು ಒಪ್ಪುವುದಿಲ್ಲವೆಂದು ಮೊಟಕಾಗಿ ಹೇಳುವ ಬದಲು ಕಾರಣ ತಿಳಿಸಬೇಕು. ಏನೆಂದು ತಿಳಿಸಬೇಕೆಂದು ಸತ್ಯಭಾಮಾರನ್ನೇ ಕೇಳಿದ. ಅವರು ಬರೆದುಕೊಟ್ಟರು: ಇಲ್ಲಿ ಒಂದು ಉದ್ದ ಗೆರೆ ಬಂದಿದೆ, ಎರಡು ಗಿಡ್ಡ ಗೆರೆ ಬೇಕು, ಅಳಿಸಿ ಕೈಯಿಂದ ಹೊಡೆಯಿರಿ.

"ಇನ್ನ ಉಳಿದ ಮೆಸೇಜೂ ನೀವ ನೋಡಿಬಿಡ್ರಿ ಅಕ್ಕಾರ" ಎಂದು ನಲವತ್ತೇಳು ಸಾಲುಗಳ ಪಟ್ಟಿಯನ್ನೇ ಅವರ ಮುಂದಿಟ್ಟ. ಮೇಡಂ ಹೋಗಿ ಅಕ್ಕಾರ ಆದದ್ದನ್ನು ಸತ್ಯಭಾಮಾ ಗಮನಿಸಿದರು. ಪಟ್ಟಿ ತೆಗೆದುಕೊಂಡು ಕೆಂಪು ಪೆನ್ನಿನ ಮುಚ್ಚಳ ಬಿಚ್ಚಿದರು.

ಅಂದಿನಿಂದ ಸತ್ಯಭಾಮಾ ಖಾಲಿ ಕಂಪ್ಯೂಟರಿನಲ್ಲಿ ಮಾಡಿ ನೋಡದ ಯಾವ ಪುಟವೂ ಆ ಕಂಪನಿಯಿಂದ ಹೊರಗೆ ಹೋಗಲಿಲ್ಲ. ದಿನಗಳೆದಂತೆ 'ಕಟ್ಟು' ಅವರ ಕೈಗೆ ಎಷ್ಟು ಪಳಗಿತೆಂದರೆ, ಬಿಲ್ಡ್ ಮುರಿದುಬಿದ್ದಾಗ ಎಂಜಿನಿಯರುಗಳೇ ಅವರ ಮೇಜಿಗೆ ಬರುತ್ತಿದ್ದರು. ಉಳಿದವರು ತೆರೆಯ ಮೇಲಿನ ಕೊನೆಯ ಸಾಲು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರೆ, ಇವರು ಮೇಲಕ್ಕೆ ಹೋಗಿ ಮೊದಲನೇ ಸಾಲಿನಿಂದ, ಪ್ರೂಫ್ ತಿದ್ದಿದ ಹಾಗೆ, ಬೆರಳಿಟ್ಟು ಓದುತ್ತ ಬರುತ್ತಿದ್ದರು. "ಇಲ್ಲಿ ಜಾರಿದೆ ನೋಡಿ. ಕೆಳಗಿಂದೆಲ್ಲ ಉರುಳಿ ಬಿದ್ದಿರೋದು ಅಷ್ಟೆ."

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ಮೈಸೂರಿನ ಕಂಪನಿ ಹೊಸದಾಗಿ ಸೇರಿದ ಹದಿನಾಲ್ಕು ಜನರಿಗೆ 'ಕಟ್ಟು' ಕಲಿಸಲು ಒಬ್ಬರನ್ನು ಕಳಿಸಿ ಎಂದು ಕೇಳಿತು. ಸೇತುರಾಮ ಸಿದ್ದಾರೂಢನ ಹೆಸರು ಹೇಳಿದರೆ, ಅತ್ತಣಿಂದ ಪ್ರಕೃತಿ, "ಬೇಡ ಸಾರ್, ಸತ್ಯಭಾಮಾ ಮೇಡಂ ಅವರನ್ನೇ ಕಳಿಸಿ" ಎಂದಳು.

ಬೆಳಗಿನ ರೈಲಿಗೆ ಹೊರಟು ಹನ್ನೊಂದಕ್ಕೆ ಅಲ್ಲಿ ಮುಟ್ಟಿದರು. ಶುರುವಿನಲ್ಲೇ ತೊಡಕು ಬಂತು. ಆ ಆಫೀಸಿನವರು ಈಚೆಗೆ, ಹೊಸ ಕಂಪ್ಯೂಟರುಗಳಿಗೆ ಮಾತ್ರ, ಇಂಟರ್‌ನೆಟ್ ಕಾವಲು ಹಾಕಿದ್ದರು. ಹೊಸಬರ ಕಂಪ್ಯೂಟರುಗಳಿಂದ 'ಕಟ್ಟು' ಹೊರಗೆ ಹೋಗಲಾರದೆ ಒದ್ದಾಡಿತು. ಹದಿನಾಲ್ಕು ಮುಖಗಳು ಇವರತ್ತ ತಿರುಗಿದವು.

"ಇದು ನಂಗೂ ಹೊಸದು. ಕೇಳಿ ತಿಳ್ಕೊಳೋಣ, ಕೂತ್ಕೊಳಿ" ಎಂದು ಎಲ್ಲರೆದುರೇ ಸಿದ್ದಾರೂಢನಿಗೆ ಫೋನ್ ಮಾಡಿದರು. ಅವನು ಹೇಳಿದ ಎರಡು ಸಾಲನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಸಾಲಾಗಿ ಒಬ್ಬೊಬ್ಬರ ಹಿಂದೆ ನಿಂತು ಹೊಡೆಸಿದರು. ಮಧ್ಯಾಹ್ನ ಎರಡರೊಳಗೆ ಹದಿನಾಲ್ಕು ಬಿಲ್ಡುಗಳೂ ಮುಗಿದವು. ಪ್ರಕೃತಿ ಅವರನ್ನು ಊಟಕ್ಕೆ ಕರೆದುಕೊಂಡು ಹೋದಳು. ಆಗಲೇ ಹಸಿವು ಜೋರಾಗಿತ್ತು, ಇಬ್ಬರೂ ಎರಡೆರಡು ಸಲ ಸಾರು ಹಾಕಿಸಿಕೊಂಡರು.

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸತ್ಯಭಾಮಾ ಚೀಲದಿಂದ ನೋಟ್‌ಬುಕ್ ತೆಗೆದು, ಕಾವಲಿರುವ ಆಫೀಸಿನವರು ಏನು ಮಾಡಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬರೆಯಲು ಶುರುಮಾಡಿದರು. ಕೆಂಗೇರಿ ಬರುವಷ್ಟರಲ್ಲಿ ಎರಡು ಪುಟವಾಗಿತ್ತು.