ಅರಿಸಿನ ಮೆತ್ತಿದ ಸೆನ್ಸರ್

ಹೋದ ವರ್ಷ ಆಯುಧಪೂಜೆಗೆ ಇನ್ನೂ ಒಂದು ವಾರವಿತ್ತು. ಸತ್ಯಮಂಗಲದಲ್ಲಿ ಕಳ್ಳರ ಅಲಾರಂ ಕೂರಿಸಿಕೊಡುವ ಒಂದು ಅಂಗಡಿಯಲ್ಲಿ ನಾನು ಎರಡು ವರ್ಷದಿಂದ ಕೆಲಸಕ್ಕಿದ್ದೆ. ಕೆಲಸವೆಂದರೇನು, ಫೋನ್ ಎತ್ತುವುದು, ಗಂಡಸರು ಏಣಿ ಹತ್ತಿದರೆ ಕೆಳಗೆ ಹಿಡಿದು ನಿಲ್ಲುವುದು. "ಒಂದು ಕೆಲಸ ನನ್ನ ಕೈಗೇ ಬಿಟ್ಟು ನೋಡಿ ಸಾರ್" ಎಂದು ಯಜಮಾನರ ತಲೆ ತಿಂದೂ ತಿಂದೂ ಕೊನೆಗೊಂದು ಸಿಕ್ಕಿತು. ಅದೂ ಎಲ್ಲಿ? ನಮ್ಮೂರು ಪಣಕಹಳ್ಳಿಯಲ್ಲೇ! "ಸರಿಯಾಗಿ ಮಾಡಿದರೆ ಮುಂದಿನದಕ್ಕೆ ಒಬ್ಬಳೇ ಹೋಗು. ಕೆಡಿಸಿದರೆ ಮತ್ತೆ ಫೋನ್ ಎತ್ತುತ್ತಾ ಕೂತಿರು" ಅಂದರು.

ಕೆಲಸ ಹೆಂಗಸರ ಸಂಘದ ಹೊಲಿಗೆ ಮನೆಯದು. ಹಿಂದಿನ ಬೇಸಿಗೆಯಲ್ಲಿ ಕಳ್ಳರು ಕಿಟಕಿಯ ಸರಳು ಬಗ್ಗಿಸಿ ಎರಡು ಮಿಷನ್ ಹೊತ್ತೊಯ್ದಿದ್ದರು. ಕೂಲಿ ಬಿಟ್ಟು ಹೊಲಿಗೆ ಕಲಿತ ಹೆಂಗಸರು ಅಲ್ಲಿ ಹೊಲಿಯುತ್ತಾರೆ. ನಮ್ಮವ್ವ ನಿಂಗಮ್ಮನೂ ಅವರಲ್ಲಿ ಒಬ್ಬಳು.

ನಾಲ್ಕು ಮೂಲೆಗೆ ನಾಲ್ಕು ವೈರ್‌ಲೆಸ್ ಸೆನ್ಸರ್ ನಾನೇ ಏಣಿ ಹತ್ತಿ ಕೂರಿಸಿದೆ. ಏಣಿ ಹಿಡಿದವರು ಯಜಮಾನರು! ಪ್ರತಿ ಸೆನ್ಸರಿಗೂ ಮುಂದೆ ಒಂದು ಬಿಳಿ ಕಣ್ಣು ಇರುತ್ತದೆ. ಅದರ ಎದುರು ಯಾರಾದರೂ ನಡೆದರೆ ಬಾಗಿಲ ಬಳಿಯ ಪೆಟ್ಟಿಗೆ 'ಟಿಂಗ್' ಅನ್ನಬೇಕು. ನಡೆದು ನೋಡಿದೆ. ನಾಲ್ಕೂ ಟಿಂಗ್ ಅಂದವು. ಪರೀಕ್ಷೆ ಹಾಳೆ ತುಂಬಿಸಿ, ಸಂಘದ ಅಧ್ಯಕ್ಷೆ ಮಾದಮ್ಮಕ್ಕನ ಮನೆಗೆ ಊಟಕ್ಕೆ ಹೋದೆವು. ಅವ್ವ ಮಾತ್ರ ಬರಲಿಲ್ಲ, "ನೀವು ಓಗಿ ಉಣ್ಣಿ, ನಾ ಇಲ್ಲೇ ಇರ್ತೀನಿ" ಅಂದಳು.

ಊಟ ಮುಗಿಸಿ ಬಂದರೆ ಯಜಮಾನರಿಗೆ ಅವಸರ. ಸಂಜೆಯಾದರೆ ಹಾಸನೂರು ದಾರಿಯಲ್ಲಿ ಆನೆಗಳು ಅಡ್ಡ ಬರುತ್ತವೆ. "ಪೋದುಮ್ಮಾ, ಕೆಳಂಬಲಾಂ" ಸಾಕು ಹೊರಡೋಣ ಎಂದು ತಮಿಳಿನಲ್ಲಿ ಅವಸರಿಸುತ್ತಾ, ಕಾರಿನ ಬೀಗದ ಕೈ ತಿರುಗಿಸುತ್ತಾ ನಿಂತರು. ನನಗೊಂದು ಕೆಟ್ಟ ಚಟ. ಬೀಗ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡದೆ ಮೆಟ್ಟಿಲು ಇಳಿಯುವವಳಲ್ಲ. "ಇನ್ನೊಂದು ಸಲ ನಡೆದು ನೋಡ್ತೀನಿ ಸಾರ್" ಅಂದೆ. "ಹಾಳೆ ಬರೆದಾಯಿತಲ್ಲ?" ಎಂದು ಗದರಿದರು. ಗದರಿದಷ್ಟೂ ನನಗೆ ಹಟ ಜಾಸ್ತಿ.

ಮೂರು ಮೂಲೆ ಟಿಂಗ್. ಕಳ್ಳರು ಬಂದಿದ್ದ ಕಿಟಕಿಯ ಮೂಲೆ ಮಾತ್ರ ಸುಮ್ಮನೆ! ಮತ್ತೆ ನಡೆದೆ. ಕೈ ಬೀಸಿದೆ. ಊಹೂಂ. ಯಜಮಾನರ ಮುಖ ಗಂಟಾಯಿತು. ಹೊಲಿಗೆ ಹೆಂಗಸರೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರಿಂದ ಕೆಳಗಿನಿಂದ ಏನೂ ಕಾಣಲಿಲ್ಲ. ಏಣಿ ಎಳೆದು ಹತ್ತಿದೆ.

ಸೆನ್ಸರಿನ ಕಣ್ಣಿನ ತುಂಬಾ ದಪ್ಪಗೆ ಅರಿಸಿನ. ನಟ್ಟ ನಡುವೆ ಕುಂಕುಮದ ಬೊಟ್ಟು!

ತಿರುಗಿ ನೋಡಿದರೆ ಅವ್ವ ಕೆಳಗೆ ನಿಂತು ನಗುತ್ತಿದ್ದಾಳೆ. "ಕಳ್ಳ ಬಂದಿದ್ದು ಈ ಕಿಟ್ಕೀಲೇ ಅಲ್ವಾ? ನೀವು ಉಣ್ಣೋವಾಗ ಏಣಿ ಅತ್ತಿ ಪೂಜೆ ಮಾಡ್ದೆ, ಮಿಕ್ಕವಕ್ಕೆ ಅಂಚಿಗೊಂದು ಸಣ್ ಬೊಟ್ಟು, ಇದ್ಕೆ ಒಸಿ ಜಾಸ್ತಿನೇ ಅಚ್ದೆ ಕಣಮ್ಮಿ. ನಿನ್ ಮೊದ್ಲ ಕೆಲ್ಸ, ದೃಷ್ಟಿ ಆಗ್ಬಾರ್ದು ಅಂತ."

ಮಾದಮ್ಮಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಂಗಮ್ಮ, ಕಾವ್ಲುಗಾರನ್ ಕಣ್ಣಿಗೇ ಅರಿಸ್ನ ಮೆತ್ಬುಟ್ಟೆಯಲ್ಲಾ!"

ಎಲ್ಲರೂ ನಕ್ಕರು. ಅವ್ವನ ನಗು ಮಾತ್ರ ಇಂಗಿಹೋಯಿತು. "ನಾನೇ ಕೆಡುಸ್ಬುಟ್ನಾ ಮಗಾ?" ಅಂದಳು. ಯಜಮಾನರು ಬಾಯಿ ತೆರೆಯುವ ಮೊದಲೇ, "ತಪ್ಪು ಅವ್ವನದಲ್ಲ ಸಾರ್. ಕಣ್ಣು ಯಾವುದು, ಬೊಟ್ಟು ಎಲ್ಲಿಡಬೇಕು ಅಂತ ನಾನು ಹೇಳಬೇಕಿತ್ತು" ಅಂದೆ. ಒದ್ದೆ ಬಟ್ಟೆಯಲ್ಲಿ ಕಣ್ಣನ್ನು ಮೆಲ್ಲಗೆ ಒರೆಸಿ, ಬೊಟ್ಟನ್ನು ಕಣ್ಣಿಗೆ ತಾಗದಂತೆ ಸೆನ್ಸರಿನ ಡಬ್ಬಿಯ ಪಕ್ಕಕ್ಕಿಟ್ಟೆ. ಆಮೇಲೆ, "ಈಗ ನೀನೇ ನಡಿಯವ್ವ" ಅಂದೆ.

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಥೇಟ್ ಕಳ್ಳಿಯ ಹಾಗೆ ಬಗ್ಗಿ ಬಗ್ಗಿ ಹೆಜ್ಜೆಯಿಟ್ಟಳು. ಟಿಂಗ್! "ಅಯ್ಯಪ್ಪಾ, ನನ್ನೇ ಇಡೀತಲ್ಲಾ!" ಎಂದು ಬೆಚ್ಚಿ ಎಗರಿದಳು. ಗದರುತ್ತಿದ್ದ ಯಜಮಾನರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ವಾಪಸು ಬರುವಾಗ ದಿಂಬಂ ಘಾಟಿಯಲ್ಲಿ ಯಜಮಾನರು ಟೀ ಕೊಡಿಸಿದರು. ಆಮೇಲೆ, "ನಾನಾಗಿದ್ದರೆ ಹಾಗೇ ಕಾರು ಹತ್ತಿಬಿಡುತ್ತಿದ್ದೆ. ಮುಂದಿನ ವಾರ ಹಾಸನೂರಿನಲ್ಲೊಂದು ಕೆಲಸವಿದೆ. ಒಬ್ಬಳೇ ಹೋಗು" ಅಂದರು.

ಈಗ ನಮ್ಮ ಅಂಗಡಿಯ ಪರೀಕ್ಷೆ ಹಾಳೆಯ ಕೊನೆಯಲ್ಲಿ ಹೊಸದೊಂದು ಸಾಲಿದೆ: 'ಪೂಜೆ ಆದ ಮೇಲೆ ಮತ್ತೊಮ್ಮೆ ನಡೆದು ನೋಡಲಾಗಿದೆ.' ಅದರ ಕೆಳಗೆ ಸಹಿ ಹಾಕುವಾಗಲೆಲ್ಲ ಹೆಮ್ಮೆಯಾಗುತ್ತದೆ, ಯಾಕೆ ಸುಳ್ಳು ಹೇಳಲಿ? ಮೊದಲ ಹಾಳೆ ಅಚ್ಚಾಗಿ ಬಂದ ದಿನ ಊರಿಗೆ ಒಯ್ದು, ಓದು ಬಾರದ ಅವ್ವನ ಬೆರಳನ್ನು ಆ ಸಾಲಿನ ಮೇಲಿಟ್ಟು, "ಇದು ನಿನ್ನಿಂದಾನೇ ಬಂದಿದ್ದು ಕಣವ್ವ" ಅಂದೆ. ಅವ್ವ ಬಹಳ ಹೊತ್ತು ಅದನ್ನೇ ಸವರಿದಳು. ಆಮೇಲೆ ಎದ್ದು ಒಳಗೆ ಹೋಗಿ ಅರಿಸಿನದ ಬಟ್ಟಲು ತಂದಳು.

"ಇದ್ಕೆ ಅಚ್ಬೋದಾ ಮಗಾ?" ಎಂದು ಕೇಳಿದಳು. ಕೇಳಿಯೇ ಹಚ್ಚಿದಳು.