ಈಜು ಬಾರದವನ ದೋಣಿ

ನನಗೆ ಈಜು ಬರುವುದಿಲ್ಲ. ಬರುತ್ತಿದ್ದರೆ ಬಹುಶಃ ದೋಣಿ ಕೊಳ್ಳುವ ಆಸೆಯೇ ಹುಟ್ಟುತ್ತಿರಲಿಲ್ಲ; ನೀರಿನ ಮೋಹ ಈಜಿಯೇ ತೀರಿಹೋಗುತ್ತಿತ್ತು. ನಾನು ವಿಜಾಪುರದ ಕಡೆಯವನು. ಚಿಕ್ಕಂದಿನಲ್ಲಿ ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿದ್ದೇನೆ, ಅದೂ ಕಣ್ಣು ಮುಚ್ಚಿಕೊಂಡು. ನಮ್ಮ ಬಯಲುಸೀಮೆಯ ಹಿರಿಯರು ಮಾತೆತ್ತಿದರೆ ಸಂಸಾರಸಾಗರ ಎನ್ನುತ್ತಿದ್ದರು. ಅವರಲ್ಲಿ ಒಬ್ಬರೂ ಸಾಗರ ಕಂಡವರಲ್ಲ. ಮುಂಬಯಿಗೆ ಬಂದ ಮೇಲೆ ನಾನು ಸಾಗರ, ಸಂಸಾರ ಎರಡನ್ನೂ ಕಂಡೆ. ಎರಡರಲ್ಲಿ ಸಾಗರವೇ ಸುಲಭ ಎಂದು ತಪ್ಪು ತಿಳಿದೆ.

ಇದು ಐವತ್ತರ ದಶಕದ ಮಾತು. ಚೆಂಬೂರಿನಲ್ಲಿ ಎರಡು ಕೋಣೆಯ ಮನೆ, ಬೈಕುಲ್ಲಾದ ಒಂದು ಗಿರಣಿಯ ಕಚೇರಿಯಲ್ಲಿ ಟೈಪು ಮಾಡುವ ಕೆಲಸ. ಕೊರತೆಯೇನೂ ಇರಲಿಲ್ಲ, ಆದರೆ ಒಳಗೊಂದು ಚಡಪಡಿಕೆ. ಲೋಕಲ್‌ನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಮನೆಗೆ ಬಂದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಟ. ಭಾನುವಾರ ಅದೂ ಸಾಲದೆ ಮಾಹುಲ್‌ನ ಖಾಡಿಯವರೆಗೆ, ಅಂದರೆ ಸಮುದ್ರದ ಹಿನ್ನೀರಿನ ದಡದವರೆಗೆ, ನಡೆದು ಹೋಗುತ್ತಿದ್ದೆ. ಅಲ್ಲಿ ಕೋಲಿ ಮೀನುಗಾರರು ಸಣ್ಣ ದೋಣಿಗಳಲ್ಲಿ ಗಾಳ ಬಿಟ್ಟು ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತಿದ್ದರು. ನಾನು ಮೀನು ತಿನ್ನುವವನಲ್ಲ; ಆ ಕೂರುವಿಕೆಯ ಮೇಲೆ ನನಗೆ ಹೊಟ್ಟೆಕಿಚ್ಚು. ನನಗೂ ಒಂದು ದೋಣಿಯಿದ್ದರೆ ಹೀಗೆ ಕೂರಬಹುದಲ್ಲ ಎನ್ನಿಸಿತು.

ಹೆಂಡತಿ ಗಂಗವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮನ್ಯಾಗ ಒಂದ ಕಡೆ ಕೂಡಾಕ ಆಗೂದಿಲ್ಲ ನಿಮಗ, ದೋಣ್ಯಾಗ ಹ್ಯಾಂಗ ಕೂಡ್ತೀರಿ?” ಎಂದಳು.

ಹಾಗಾಗಿ ಇನ್ನೊಬ್ಬರ ಬಳಿ ಹೋದೆ. ಕಚೇರಿಯ ಎದುರಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಸಂಜೀವಣ್ಣ ಮಲ್ಪೆಯ ಕಡೆಯ ಮೀನುಗಾರರ ಮನೆಯವರು. ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ದೋಣಿಯ ಸುದ್ದಿ ಎತ್ತಿದೊಡನೆ ಅವರ ಮುಖ ಬಿಗಿದುಕೊಂಡಿತು. “ಒಬ್ಬರೇ ಹೋಗಿ ತಕ್ಕೊಳ್ಳಬೇಡಿ ಮಾರಾಯ್ರೆ. ನಾನು ಬರ್ತೇನೆ” ಎಂದರು.

ಮೊದಲ ಭಾನುವಾರ ನಾನು ನೀಲಿ ಬಣ್ಣದ, ಮೂತಿಯ ಮೇಲೆ ತಾವರೆ ಬರೆದ ದೋಣಿಯೊಂದಕ್ಕೆ ಮನಸೋತೆ. ಹೆಣ್ಣು ನೋಡಲು ಹೋದವನು ಸೀರೆಯನ್ನು ಮೆಚ್ಚಿ ಬಂದ ಹಾಗೆ. ಸಂಜೀವಣ್ಣ ಜೇಬಿನಿಂದ ಚಾಕು ತೆಗೆದು ತಳದ ಹಲಗೆಗೆ ಒತ್ತಿದರು. ಅದು ಬೆಣ್ಣೆಗೆ ಇಳಿದಂತೆ ಇಳಿಯಿತು. “ಬಣ್ಣ ಹೊಸತು, ಮರ ಕುಂಬಾದದ್ದು” ಎಂದರು. ನಾನು ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎರಡನೆಯ ಭಾನುವಾರ ಕಂಡದ್ದು ನಾಲ್ಕು ಜನ ಹುಟ್ಟು ಹಾಕಬೇಕಾದ ದೋಣಿ; ನಮಗೆ ದೊಡ್ಡದಾಯಿತು. ಮೂರನೆಯದಕ್ಕೆ ತಳ ತೀರಾ ಚಪ್ಪಟೆ. ನಾಲ್ಕನೆಯದರ ಒಂದು ಮಗ್ಗುಲು ತಗ್ಗು. ಐದನೆಯದನ್ನು ಅವರು ದೂರದಿಂದಲೇ ಬೇಡ ಎಂದರು. ನನಗೆ ಸಿಟ್ಟು ಬರತೊಡಗಿತು. “ಯಾವುದೂ ನಡ್ಯೂದಿಲ್ಲ ಅಂದ್ರ ಹ್ಯಾಂಗ್ರಿ ಸಂಜೀವಣ್ಣ? ಜನ ಇವುಗಳ ಮ್ಯಾಲನ ಜೀವನ ಮಾಡಾಕತ್ತಾರಲ್ಲ?” ಎಂದೆ. ಅವರು ಚಾಕು ಮಡಚಿ ಜೇಬಿಗೆ ಹಾಕಿಕೊಂಡರು, ಅಷ್ಟೇ.

ಆರನೆಯ ಭಾನುವಾರ ಹೀರಾಬಾಯಿ ಎಂಬ ಕೋಲಿ ಮುದುಕಿಯ ದೋಣಿಗೆ ಬಂದೆವು. ಗಂಡ ತೀರಿಕೊಂಡ ಮೇಲೆ ಒಂದು ತಿಂಗಳಿಂದ ದಡದ ಮೇಲೇ ಇತ್ತಂತೆ. ಚಿಕ್ಕದು, ಕಪ್ಪು, ಚೆಲುವಿನ ಗಂಧವಿಲ್ಲದ್ದು. ಸಂಜೀವಣ್ಣ ಹಲಗೆಹಲಗೆಯನ್ನೂ ತಟ್ಟಿದರು, ಮೊಳೆಮೊಳೆಯನ್ನೂ ಮುಟ್ಟಿದರು, ಸಂದಿಗೆ ಮೂಗಿಟ್ಟು ಮೂಸಿದರು. ಚಾಕು ಎಲ್ಲಿಯೂ ಇಳಿಯಲಿಲ್ಲ. ಕೊನೆಗೆ, “ಇದು ಬೇಡ” ಎಂದು ತಲೆ ಅಲ್ಲಾಡಿಸಿದರು.

“ಯಾಕೆ?” ಎಂದಳು ಹೀರಾಬಾಯಿ ಮರಾಠಿಯಲ್ಲಿ.

ಸಂಜೀವಣ್ಣ ಮತ್ತೊಮ್ಮೆ ಹಲಗೆ ತಟ್ಟಿದರು.

“ನೀರಿಗಿಳಿಸಿ ನೋಡು. ದೋಣಿ ಹತ್ತು” ಎಂದಳು ಮುದುಕಿ.

ಸಂಜೀವಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ಆಗ ನನಗೆ ಹೊಳೆಯಿತು: ಆರು ವಾರದಲ್ಲಿ ಅವರು ಒಂದು ದೋಣಿಯೊಳಗೂ ಕಾಲಿಟ್ಟಿರಲಿಲ್ಲ.

“ಏನಾತ್ರಿ?” ಎಂದೆ.

ಅವರು ಖಾಡಿಯ ಕಡೆ ನೋಡುತ್ತಲೇ ಹೇಳಿದರು: “ನನ್ನ ಹತ್ತೊಂಬತ್ತನೇ ವಯಸ್ಸಿಗೆ ನಾನೇ ಒಂದು ದೋಣಿ ಆರಿಸಿದ್ದೆ. ಒಳ್ಳೇದುಂಟು ಅಂತ ಅಣ್ಣನಿಗೆ ಹೇಳಿದೆ. ಮೊದಲ ದಿನ ಅವನೊಬ್ಬನೇ ಹೋದ. ಬರಲಿಲ್ಲ. ಮತ್ತೆ ನಾನು ನೀರಿಗೆ ಇಳಿಯಲಿಲ್ಲ, ಬೊಂಬಾಯಿಗೆ ಬಂದೆ. ನೀವು ದೋಣಿ ಅಂದಾಗ ಬೇಡ ಅನ್ನಲಿಕ್ಕೆ ಆಗಲಿಲ್ಲ. ಒಳ್ಳೇದುಂಟು ಅನ್ನಲಿಕ್ಕೂ ಬಾಯಿ ಬರುವುದಿಲ್ಲ.”

ನನ್ನ ಸಿಟ್ಟೆಲ್ಲ ಇಳಿದು, ನನ್ನ ಮೇಲೆಯೇ ನಾಚಿಕೆ ಬಂತು. ಇನ್ನು ದೋಣಿಯ ಮಾತೇ ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಹೀರಾಬಾಯಿ, “ಇವನೇನು ಹೇಳಿದ?” ಎಂದಳು. ನಾನು ಮರಾಠಿಯಲ್ಲಿ ತಿಳಿಸಿದೆ. ಅವಳು ದೋಣಿಯಲ್ಲಿದ್ದ ತಗಡಿನ ಡಬ್ಬಿಯನ್ನು ಎತ್ತಿ ಅವರ ಕೈಗೆ ಕೊಟ್ಟಳು. “ನಾನು ಹುಟ್ಟು ಹಾಕುತ್ತೇನೆ. ಒಣಗಿದ ದೋಣಿ, ನೀರು ಒಳಗೆ ಬರುತ್ತದೆ. ಎತ್ತಿ ಚೆಲ್ಲಲು ಒಬ್ಬರು ಬೇಕು. ಈ ಸಾಹೇಬನಿಂದ ಆಗುತ್ತದೆಯೇ?”

ಸಂಜೀವಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟದಲ್ಲಿ ನನ್ನ ಬಗ್ಗೆ ಯಾವ ಭರವಸೆಯೂ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ, ನಮ್ಮೊಡನೆ ದೋಣಿಯನ್ನು ನೀರಿಗೆ ತಳ್ಳಿ ಹತ್ತಿದರು. ಹಿಂದೆಯೇ ನಾನೂ ಹತ್ತಿದೆ.

ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಲಗೆಗಳ ಸಂದಿಯಿಂದ ನೀರು ಜಿನುಗಿ ನನ್ನ ಪಾದ ಮುಟ್ಟಿತು. ನಾನು ಎದ್ದು ನಿಂತೆ. ದೋಣಿ ವಾಲಿತು. “ಕೂತ್ಕೊಳ್ಳಿ!” ಎಂದು ಸಂಜೀವಣ್ಣ ಗದರಿದ ರಭಸಕ್ಕೆ, ನನ್ನ ಜೀವನದಲ್ಲೇ ಮೊದಲ ಬಾರಿಗೆ, ಕೂರೆಂದ ಕಡೆ ಕೂತೆ. ಅವರ ಕೈಗಳು ಆಗಲೇ ನೀರು ಚೆಲ್ಲುತ್ತಿದ್ದವು, ಒಂದೇ ಸಮನೆ, ನಿನ್ನೆ ತಾನೇ ಆ ಕೆಲಸ ಬಿಟ್ಟು ಬಂದವರಂತೆ. “ಹೆದರಬೇಡಿ. ಮರಕ್ಕೆ ಬಾಯಾರಿದೆ. ಕುಡಿದು ಉಬ್ಬಿದ ಮೇಲೆ ಸಂದಿ ಮುಚ್ಚುತ್ತದೆ” ಎಂದರು. ಹೇಳುತ್ತ ಹೇಳುತ್ತ ಅವರ ಧ್ವನಿ ತಿಳಿಯಾಯಿತು. ಜಿನುಗುವುದು ಕಡಿಮೆಯಾದಾಗ ಅವರು ಮುದುಕಿಯ ಕಡೆ ಕೈ ಚಾಚಿದರು. ಅವಳು ಹುಟ್ಟು ಕೊಟ್ಟಳು. ದಡಕ್ಕೆ ಮರಳಿದಾಗ ಅವರು ಹಲಗೆಯ ಮೇಲೆ ಅಂಗೈ ಇಟ್ಟು, ಬಹಳ ಸಣ್ಣ ದನಿಯಲ್ಲಿ, “ಒಳ್ಳೇದುಂಟು” ಎಂದರು.

ಹೀಗೆ ದೋಣಿ ನನ್ನದಾಯಿತು. ಮುಂದಿನ ಭಾನುವಾರ ನಾನು ಗಾಳ, ಛತ್ರಿ, ಗಂಗವ್ವ ಕಟ್ಟಿಕೊಟ್ಟ ಬುತ್ತಿಯ ಸಮೇತ ಹೋದರೆ, ಸಂಜೀವಣ್ಣ ದೋಣಿಯನ್ನು ನೀರಿಗೆ ತಳ್ಳಿ ನಿಂತಿದ್ದರು. “ನೀವು ಸ್ವಲ್ಪ ಇಲ್ಲಿರಿ. ಒಂದು ಸುತ್ತು ಒಬ್ಬನೇ ಹೋಗಿ ಬರ್ತೇನೆ” ಎಂದರು. ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ. ದೋಣಿ ಮ್ಯಾಂಗ್ರೋವ್ ಪೊದೆಗಳ ತಿರುವಿನಲ್ಲಿ ಮರೆಯಾಯಿತು.

ನಾನು ಕೆಸರಿನಲ್ಲಿ ಅತ್ತಿಂದಿತ್ತ ತಿರುಗಿದೆ. ಗಾಳಿ ಜೋರಾಯಿತೇ? ನೀರು ಇಳಿಯುತ್ತಿದೆಯೇ? ಯಾರನ್ನು ಕೇಳಲಿ? ಹೀರಾಬಾಯಿ ಬುಟ್ಟಿಯೊಂದನ್ನು ಬೋರಲು ಹಾಕಿ, “ಕೂತುಕೋ ಬಾಬಾ. ದಡದಲ್ಲಿರುವವರಿಗೆ ಇದೇ ಕೆಲಸ. ನಾನು ನಲವತ್ತು ವರ್ಷ ಮಾಡಿದ್ದೇನೆ” ಎಂದಳು.

ಕೂತೆ. ಎಷ್ಟೋ ಹೊತ್ತಿನ ಮೇಲೆ ತಿರುವಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿತು. ಹುಟ್ಟು ಹಾಕುವ ಕೈಯೂ ಕಾಣಿಸಿತು. ಆರು ಭಾನುವಾರ ನಾವು ದೋಣಿಯ ಹಲಗೆ, ಮೊಳೆ, ತಳ ಎಲ್ಲವನ್ನೂ ನೋಡಿದ್ದೆವು. ದಡದಲ್ಲಿ ಕೂತವರ ಕಣ್ಣಿಗೆ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.