ಶನಿವಾರದ ಸಭೆ ಹಾಗೆಯೇ ಇದೆ, ಶೈಲಜಾ

...ಹೇಳದೆ ನಿಲ್ಲಿಸಬಾರದು, ಅಂದಿದ್ದರು.
ಅಥವಾ ಹೇಳದೆ ಹೋಗಬಾರದು ಅಂದಿದ್ದರೋ...
ಸರಿಯಾಗಿ ನೆನಪಾಗುತ್ತಿಲ್ಲ.
ಬೆಳಿಗ್ಗೆಯಿಂದ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ.

ಶೈಲಜಾ ಇಲ್ಲವಂತೆ.

ನಮ್ಮ ಕಾಲೇಜಿನ ಸಮುದಾಯ ವಿಜ್ಞಾನ ವಿಭಾಗದ ಶೈಲಜಾ.
ಬಸವೇಶ್ವರನಗರದ ಮನೆಯಲ್ಲಿ, ಇವತ್ತು ಬೆಳಿಗ್ಗೆ, ಹೃದಯಾಘಾತ.
ವಿಜಯನಗರದಲ್ಲಿ ಮೆಟ್ರೋ ಹತ್ತುವಾಗ ಮೆಸೇಜ್ ಬಂತು. ಓದಿದೆ. ಯಾರೋ ಬೇರೆ ಶೈಲಜಾ ಇರಬೇಕು ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ.
ಕೆಂಗೇರಿ ಬರುವ ತನಕ ಅವರು ಬೇರೆ ಯಾರೋ ಆಗಿಯೇ ಇದ್ದರು...

ನಿನ್ನೆ ಸಂಜೆ ಕಾರಿಡಾರಿನಲ್ಲಿ, "ಏನ್ರೀ ಅಂಕಿಅಂಶ, ಮನೆ ಇಲ್ವಾ ನಿಮಗೆ?" ಅಂದಿದ್ದರು.
ನಾನು ಅದೇ ವಿಭಾಗದಲ್ಲಿ ಅಂಕಿಅಂಶದ ಪಾಠ ಮಾಡುವವನು. ಅವರ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಅವರ ಒಂದು ಫೋಟೋ ಹುಡುಕುತ್ತಿದ್ದರು.
ಕಾಲೇಜಿನ ವೆಬ್‌ಸೈಟಿನಲ್ಲಿ ‘ಸುದ್ದಿ ಮತ್ತು ಕಾರ್ಯಕ್ರಮಗಳು’ ಎಂಬ ಪುಟವಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಎಲ್ಲ ಸಮಾರಂಭಗಳ ಫೋಟೋ ತೆಗೆದವರೂ ಅವರೇ. ಹಾಗಾಗಿ ಯಾವುದರಲ್ಲೂ ಅವರಿಲ್ಲ.
ಕೊನೆಗೆ ಒಂದು ಸಿಕ್ಕಿತು. ಬ್ಯಾನರಿನ ಮೂಲೆ ಹಿಡಿದು ನಿಂತಿದ್ದಾರೆ. ಮುಖ ಅರ್ಧ ಮಾತ್ರ ಕಾಣುತ್ತದೆ.
ಬ್ಯಾನರ್ ನೆಟ್ಟಗಿದೆ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಓದುವ ನಿಮಗೆ ಗೊತ್ತಿರಲಿಕ್ಕಿಲ್ಲ.
ಒಂದು ಬಡಾವಣೆಗೆ ವಾರವಾರ ಹೋಗಿ ಜನರ ಜೊತೆ ಕೂತು ಕೆಲಸ ಮಾಡಿದ ಮೇಲೆ, ಇದ್ದಕ್ಕಿದ್ದಂತೆ ಹೋಗುವುದನ್ನು ನಿಲ್ಲಿಸುವಂತಿಲ್ಲ. ಇನ್ನು ಕೆಲವೇ ವಾರ ಬರುತ್ತೇವೆ ಎಂದು ಮುಂಚೆಯೇ ತಿಳಿಸಬೇಕು. ಮತ್ತೆ ಹೇಳಬೇಕು. ಆಮೇಲೆ ಕೊನೆಯ ಸಲ ಹೋಗಿ, ಹೇಳಿ, ಬರಬೇಕು. ಪಠ್ಯದಲ್ಲಿ ಇದಕ್ಕೆ ಟರ್ಮಿನೇಷನ್ ಅನ್ನುತ್ತಾರೆ.
ಬೇರೆಯವರು ಇದನ್ನು ಪಾಠ ಮಾಡಿ ಮುಂದೆ ಹೋಗುತ್ತಿದ್ದರು. ಶೈಲಜಾ ಬಿಡುತ್ತಿರಲಿಲ್ಲ.

ವಿಜಯಪುರದ ಕಡೆಯ ಒಬ್ಬ ವಿದ್ಯಾರ್ಥಿ ಮೂಡಲಪಾಳ್ಯ ಬಡಾವಣೆಗೆ ಹೋಗುವುದನ್ನು ನಡುವೆಯೇ ಬಿಟ್ಟಿದ್ದ.
"ನಂದು ಫೀಲ್ಡ್‌ವರ್ಕ್ ಮುಗದೈತ್ರೀ ಮೇಡಂ."
"ನಿಂದು ಮುಗೀತಪ್ಪಾ. ಅವರಿಗೆ ಗೊತ್ತಾ?"
ಅವತ್ತೇ ಬಸ್ಸು ಹತ್ತಿಸಿದರು. ಸಂಜೆ ಬಂದು ಮೆಟ್ಟಿಲ ಮೇಲೆ ಕೂತ.
"ಏನಂದ್ರೋ?"
"ಏನೂ ಅನ್ಲಿಲ್ರೀ... ಉಪ್ಪಿಟ್ಟು ತಿನ್ಸಿ ಕಳಿಸಿದ್ರು."
ಬಹಳ ಹೊತ್ತು ಅಲ್ಲೇ ಕೂತಿದ್ದ.

ನಾನು ನಕ್ಕಿದ್ದೆ. "ಟರ್ಮಿನೇಷನ್ ಅಂತೀರಲ್ರೀ, ಒಳ್ಳೆ ಫ್ಯಾಕ್ಟರಿ ಲಾಕೌಟ್ ಥರ."
"ಲಾಕೌಟ್ ಆದ್ರೆ ಗೇಟಿಗೆ ಒಂದು ನೋಟಿಸಾದ್ರೂ ಅಂಟಿಸ್ತಾರೆ ಕಣ್ರೀ."
ಅವರ ತಂದೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದವರು. ಆ ಮಾತು ಎಲ್ಲಿಂದ ಬಂತು ಎಂದು ಆಗ ಕೇಳಲಿಲ್ಲ.

ಶೈಲಜಾ...
ನೀವು ನೋಟಿಸನ್ನೂ ಅಂಟಿಸಲಿಲ್ಲ.
ಇದನ್ನು ದೂರು ಎಂದುಕೊಳ್ಳಬೇಡಿ. ನಿಮ್ಮ ಶಿಷ್ಯರಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನೀವೇ ಬಸ್ಸು ಹತ್ತಿಸುತ್ತಿದ್ದಿರಿ, ಅಷ್ಟೆ.
ನಿಮ್ಮನ್ನು ಎಲ್ಲಿಗೆ ಕಳಿಸುವುದು, ಯಾವ ಬಸ್ಸು... ನನಗೆ ತಿಳಿಯದು.

ವೆಬ್‌ಸೈಟಿನ ಪುಟದಲ್ಲಿ ನೀವು ಹಾಕಿದ ಕೊನೆಯ ಕಾರ್ಯಕ್ರಮ ಇನ್ನೂ ಇದೆ.
ಶನಿವಾರ, ಮೂಡಲಪಾಳ್ಯ. ಮನೆಯಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ಮಾತುಕತೆ.
ವಾರಕ್ಕೊಮ್ಮೆ ಅವರು ಮನೆಯಿಂದ ಹೊರಗೆ ಬಂದು ಕೂರುವ ಜಾಗ ಅದೊಂದೇ ಎಂದು ನೀವೇ ಹೇಳಿದ್ದಿರಿ.
"ಅಲ್ಲಿ ಏನ್ ಮಾಡ್ತೀರಿ?" ಎಂದು ನಾನು ಕೇಳಿದ್ದಕ್ಕೆ, "ಒಂದ್ಸಲ ಬಂದು ನೋಡ್ರೀ" ಅಂದಿರಿ.

"ಸಾರ್, ಶನಿವಾರದ ಈವೆಂಟ್ ತೆಗೆದುಬಿಡ್ಲಾ?" ಆಫೀಸಿನವರು ಕೇಳಿದರು.
ಇರಲಿ ಅಂದೆ. ಯಾಕೆ ಅಂದೆನೋ.

ಮಧ್ಯಾಹ್ನ ಜಯಮ್ಮ ಫೋನ್ ಮಾಡಿದರು. ಆ ಗುಂಪಿನ ಹಿರಿಯರು. ಮಗ ಬಹಳ ವರ್ಷಗಳಿಂದ ಕೋಣೆ ಬಿಟ್ಟು ಬರುವುದಿಲ್ಲ. ನಿಮ್ಮ ಫೋನ್ ಯಾರೂ ಎತ್ತದಿದ್ದಾಗ ವಿಭಾಗಕ್ಕೆ ಮಾಡಿದ್ದಾರೆ. ಎತ್ತಿದವನು ನಾನು.
"ಶೈಲಜಮ್ಮ ಸಿಕ್ತಿಲ್ಲ ಸಾರ್. ಶನಿವಾರ ಐತಾ?"
ಹೇಳಿದೆ. ನೇರವಾಗಿಯೇ ಹೇಳಿದೆ. ಬೇರೆ ಥರ ಹೇಳುವುದು ನನಗೆ ಬಾರದು.
ಆ ಕಡೆ ಕುಕ್ಕರ್ ಕೂಗಿತು. ಯಾರೂ ಆರಿಸಲಿಲ್ಲ. ಮತ್ತೆ ಕೂಗಿತು...

"ಹಂಗಾದ್ರೆ ನಾವು ಇನ್ನು ಬರ್ಬಾರ್ದಾ ಸಾರ್?"
"ಬನ್ನಿ" ಅಂದೆ.
"ಯಾರಿರ್ತಾರೆ?"
"ನಾನಿರ್ತೀನಿ."
ಒಲೆ ಆರಿಸಿದ ಸದ್ದು ಬಂತು. ಅಳುತ್ತಿದ್ದರೋ, ನನ್ನನ್ನು ಅಳೆಯುತ್ತಿದ್ದರೋ.
"ಬೇಜಾರ್ ಮಾಡ್ಕೋಬೇಡಿ ಸಾರ್... ನಿಲ್ಲಿಸೋ ಹಂಗಿದ್ರೆ ಮೊದಲೇ ಹೇಳ್ಬಿಡಿ. ಶೈಲಜಮ್ಮ ಹಂಗೇ ಹೇಳ್ಕೊಟ್ಟಿದ್ರು. ಯಾರೇ ಬಂದ್ರೂ ಇದನ್ನ ಕೇಳಿ, ಕೇಳೋಕೆ ನಾಚ್ಕೋಬೇಡಿ ಅಂತ."

ಅಂದರೆ, ಅಲ್ಲಿ ನೀವು ಹೇಳಿಟ್ಟಿದ್ದಿರಿ.
ನೀವು ಹೊರಡುವುದನ್ನಲ್ಲ. ಉಳಿಯುವವರು ಏನು ಕೇಳಬೇಕು ಎಂಬುದನ್ನು.

ಸ್ನೇಹಿತರೇ, ಶೈಲಜಾ ಅವರ ಮನೆಗೆ ಹೋಗಿ ನೋಡಿ ಬಂದೆ. ಮಲಗಿದ್ದಾರೆ. ಯಾರೋ ಕನ್ನಡಕ ತೆಗೆದು ಪಕ್ಕದಲ್ಲಿಟ್ಟಿದ್ದರು.
ಅವರ ಶಿಷ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂಡಲಪಾಳ್ಯದ ದಾರಿ ನಿಮಗೆ ಗೊತ್ತಿದೆ. ನನಗೆ ಗೊತ್ತಿಲ್ಲ. ಶನಿವಾರ ಜೊತೆಗೆ ಬನ್ನಿ.

ಹೋಗಿ ಬನ್ನಿ, ಶೈಲಜಾ.
ಯಾರ ಫೋನೂ ಎತ್ತಬೇಕಿಲ್ಲದ, ಯಾವ ಫೋಟೋವನ್ನೂ ತೆಗೆಯಬೇಕಿಲ್ಲದ ಶಾಂತಿ ನಿಮ್ಮ ಜೀವಕ್ಕೆ ಸಿಗಲಿ.

ಒಂದೇ ಒಂದು ಕೇಳಬೇಕಿತ್ತು.
ಶನಿವಾರ ಆ ಹೆಂಗಸರೆಲ್ಲ ಬಂದು ಕೂತ ಮೇಲೆ... ಮೊದಲ ಮಾತು ಯಾರು ಆಡುತ್ತಿದ್ದರು, ಅವರಾ, ನೀವಾ?